ಇಲ್ಲಿ ಒತ್ತಿ: ಪರದೆಯ ಪೆಟ್ಟಿಗೆಗಳು ಕನ್ನಡಕ್ಕೆ ಜಾಗ ಬಿಟ್ಟ ಕತೆ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹದ ರೂಪದಲ್ಲಿ ಹಾಕ್ತಿದ್ದೀನಿ. ಓದೋಕೆ ಸಲೀಸಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೀನಿ, ಹೇಳಿದ ಕ್ರಮ ಮಾತ್ರ ಅದೇ.

ಕನ್ನಡ ಮತ್ತು ಕಂಪ್ಯೂಟರಿನ ಇತಿಹಾಸ ಅಂದ ತಕ್ಷಣ ನಾವೆಲ್ಲ ಮೂರು ವಿಷಯ ಮಾತಾಡ್ತೀವಿ. ಮೊದಲನೇದು ಕೀಲಿಮಣೆ, ಅಲ್ಲಿ ಕೆ.ಪಿ. ರಾವ್ ಅವರ ಹೆಸರು ಬರುತ್ತೆ. ಎರಡನೇದು ಫಾಂಟು ಮತ್ತು ಬರೆಯೋ ತಂತ್ರಾಂಶ, ಅಲ್ಲಿ 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಮೂರನೇದು ಯೂನಿಕೋಡ್. ಈ ಮೂರೂ ದೊಡ್ಡ ಕತೆಗಳೇ, ಅನುಮಾನ ಇಲ್ಲ. ಆದ್ರೆ ನಾಲ್ಕನೇದು ಒಂದಿದೆ, ಅದರ ಬಗ್ಗೆ ಯಾರೂ ಮಾತಾಡಲ್ಲ. ಅಕ್ಷರ ಬಂದು ಕೂರುವ ಪೆಟ್ಟಿಗೆ. ಅಂದ್ರೆ ಬಟನ್, ಲೇಬಲ್, ಮೆನು, ಫಾರ್ಮಿನ ಖಾಲಿ ಜಾಗ. ಪ್ರೋಗ್ರಾಮರ್‌ಗಳು ಇವನ್ನೆಲ್ಲ ಸೇರಿಸಿ ವಿಜೆಟ್ ಅಂತಾರೆ. ಒಂದು ವಿಜೆಟ್ ಎಷ್ಟು ಅಗಲ, ಎಷ್ಟು ಎತ್ತರ ಇರಬೇಕು, ಪಕ್ಕದವರಿಗೆ ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕೋ ಕೆಲಸಕ್ಕೆ ಲೇಔಟ್ ಅಂತ ಹೆಸರು. ಇವತ್ತು ಅದರ ಇತಿಹಾಸ ನೋಡೋಣ.

ಇಲ್ಲಿ ಮತ್ತು ಇಲಿ

ಇದು ಯಾಕೆ ಮುಖ್ಯ ಅಂತ ಮೊದಲು ಹೇಳ್ಬಿಡ್ತೀನಿ. ಬಟನ್ ಮೇಲೆ ಬರೋ ಅತಿ ಸಾಮಾನ್ಯ ಎರಡು ಪದ ತಗೊಳ್ಳಿ: "ಇಲ್ಲಿ ಒತ್ತಿ". ಎರಡರಲ್ಲೂ ಒತ್ತಕ್ಷರ ಇದೆ, ಎರಡೂ ಸಾಲಿನ ಕೆಳಗೆ ಇಳಿಯುತ್ತೆ. ಬಟನ್ ಎತ್ತರ ಇಂಗ್ಲಿಷ್ ಲೆಕ್ಕದಲ್ಲಿ ಕಟ್ಟಿದ್ರೆ ಆ ಕೆಳಗಿನ ಭಾಗ ಕತ್ತರಿಸಿಹೋಗುತ್ತೆ. ಆಗ ಪರದೆ ಮೇಲೆ ಉಳಿಯೋದು "ಇಲಿ ಒತಿ". ಕತ್ತೆಗೆ ಒತ್ತು ಹೋದ್ರೆ ಕತೆ, ಕಟ್ಟುಗೆ ಒತ್ತು ಹೋದ್ರೆ ಕಟು. ಇಂಗ್ಲಿಷಲ್ಲಿ ಅಕ್ಷರದ ಬಾಲ ಸ್ವಲ್ಪ ಕತ್ತರಿಸಿದ್ರೂ ಪದ ಅದೇ ಅಂತ ಗೊತ್ತಾಗುತ್ತೆ. ನಮ್ಮಲ್ಲಿ ಪದವೇ ಬೇರೆಯಾಗುತ್ತೆ.

ನಾನಿರೋದು ಬಾರಾಮತಿಯಲ್ಲಿ. ಇಲ್ಲಿ ಸುತ್ತ ಎಲ್ಲ ಮರಾಠಿ, ನಾನು ನೋಡೋ ಹೆಚ್ಚಿನ ಪರದೆಗಳೂ ಮರಾಠಿಯವು. ಹಾಗಾಗಿ ಒಂದು ವ್ಯತ್ಯಾಸ ದಿನಾ ಕಣ್ಣಿಗೆ ಬೀಳುತ್ತೆ. "ಪುಸ್ತಕ" ಅನ್ನೋ ಪದವನ್ನ ದೇವನಾಗರಿಯಲ್ಲಿ ಬರೆದ್ರೆ ಅರ್ಧ ಸಕಾರದ ಪಕ್ಕ ತಕಾರ ಬರುತ್ತೆ, ಪದ ಅಡ್ಡಕ್ಕೆ ಬೆಳೆಯುತ್ತೆ. ಕನ್ನಡದಲ್ಲಿ ತಕಾರ ಸಕಾರದ ಕೆಳಗೆ ಹೋಗುತ್ತೆ, ಪದ ಉದ್ದಕ್ಕೆ ಬೆಳೆಯುತ್ತೆ. ಒಂದೇ ಆ್ಯಪ್, ಒಂದೇ ಬಟನ್. ಮರಾಠಿ ಪದ ಸರಿಯಾಗಿ ಕೂತಿರುತ್ತೆ, ಕನ್ನಡ ಪದದ ಕಾಲು ಕತ್ತರಿಸಿರುತ್ತೆ. ಭಾರತೀಯ ಭಾಷೆಗೆ ಬೆಂಬಲ ಇದೆ ಅಂತ ಹೇಳಿದ ಮಾತ್ರಕ್ಕೆ ಕನ್ನಡಕ್ಕೆ ಜಾಗ ಇದೆ ಅಂತ ಅರ್ಥ ಅಲ್ಲ.

ಎಲ್ಲರಿಗೂ ಒಂದೇ ಅಳತೆಯ ಮನೆ

ಡಾಸ್ ಕಾಲಕ್ಕೆ ಹೋಗೋಣ. ಆಗ ಪರದೆ ಅಂದ್ರೆ ಅಡ್ಡಕ್ಕೆ 80, ಉದ್ದಕ್ಕೆ 25, ಒಟ್ಟು 2000 ಮನೆಗಳ ಚೌಕಾಬಾರ. ಒಂದು ಮನೆಯಲ್ಲಿ ಒಂದು ಅಕ್ಷರ. ಎಲ್ಲ ಮನೆಗೂ ಒಂದೇ ಅಳತೆ. ಲೇಔಟ್ ಅನ್ನೋ ಸಮಸ್ಯೆಯೇ ಇರ್ಲಿಲ್ಲ, ಯಾಕಂದ್ರೆ ಅಕ್ಷರ ಎಣಿಸಿದ್ರೆ ಅಗಲ ಸಿಕ್ಕಿಬಿಡ್ತಿತ್ತು.

ಆ ಚೌಕಾಬಾರದೊಳಗೆ ನಮ್ಮ ಲಿಪಿಗಳನ್ನ ತಂದ ಕೆಲಸ ನಾನಿರೋ ಜಿಲ್ಲೆಗೆ ಸೇರಿದ್ದು. ಬಾರಾಮತಿಯಿಂದ ಸುಮಾರು 100 ಕಿಲೋಮೀಟರ್ ದೂರದ ಪುಣೆಯಲ್ಲಿ 1988ರಲ್ಲಿ ಸಿ-ಡ್ಯಾಕ್ ಶುರುವಾಯ್ತು. ಜನಕ್ಕೆ ಅದು ಪರಮ್ ಸೂಪರ್ ಕಂಪ್ಯೂಟರಿಂದ ಗೊತ್ತು. ಅದರ ಇನ್ನೊಂದು ದೊಡ್ಡ ಕೆಲಸ ಜಿಸ್ಟ್. ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್ ಮಡಿಲಿಗೆ ಬಂದ ತಂತ್ರಜ್ಞಾನ ಅದು. ಕಂಪ್ಯೂಟರ್ ಒಳಗೆ ಒಂದು ಕಾರ್ಡ್ ಹಾಕಿದ್ರೆ ಡಾಸ್ ಪರದೆ ಮೇಲೆ ಕನ್ನಡ, ಮರಾಠಿ, ತಮಿಳು ಎಲ್ಲ ಮೂಡ್ತಿತ್ತು. ಅಕ್ಷರಗಳನ್ನ ಉಳಿಸೋಕೆ ಇಸ್ಕಿ ಅನ್ನೋ ಸಂಕೇತ ಪದ್ಧತಿ. 1991ರಲ್ಲಿ ಅದು ಭಾರತೀಯ ಮಾನಕವೂ ಆಯ್ತು.

ಇಸ್ಕಿ ಒಂದು ಮುಖ್ಯವಾದ ಗಂಟು ಬಿಚ್ಚಿಟ್ಟಿತು. "ಸ್ತ್ರೀ" ಅನ್ನೋ ಪದ ನೋಡಿ. ಕಣ್ಣಿಗೆ ಒಂದೇ ಅಕ್ಷರ. ಒಳಗೆ ಉಳಿಸೋವಾಗ ಸ, ಹಲಂತ, ತ, ಹಲಂತ, ರ, ಈಕಾರದ ಗುರುತು, ಒಟ್ಟು ಆರು. ಮುಂದೆ ಬಂದ ಯೂನಿಕೋಡ್‌ನಲ್ಲೂ ಆರೇ. ಅಂದ್ರೆ ಎಷ್ಟು ಅಕ್ಷರ ಇದೆ ಅನ್ನೋದಕ್ಕೂ ಎಷ್ಟು ಜಾಗ ಬೇಕು ಅನ್ನೋದಕ್ಕೂ ಇದ್ದ ನಂಟು ಕಡಿದುಹೋಯ್ತು. ಅಕ್ಷರ ಎಣಿಸಿ ಅಗಲ ಹೇಳೋ ಯಾವ ಪ್ರೋಗ್ರಾಮೂ ಕನ್ನಡದಲ್ಲಿ ಸರಿಯಾದ ಉತ್ತರ ಕೊಡಲ್ಲ. ಈ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

52 ಅಕ್ಷರದ ಅಳತೆಗೋಲು

1984ರಲ್ಲಿ ಮ್ಯಾಕಿಂಟಾಷ್, 1985ರಲ್ಲಿ ವಿಂಡೋಸ್. ಈಗ ಪರದೆ ಮನೆಗಳ ಚೌಕ ಅಲ್ಲ, ಚುಕ್ಕಿಗಳ ಬಯಲು. ಯಾವ ಬಟನ್ ಎಲ್ಲಿ ಬೇಕಾದ್ರೂ ಇಡಬಹುದು. ಹಾಗಾದ್ರೆ ಎಲ್ಲಿಡೋದು? ಶುರುವಿನ ಉತ್ತರ ಸರಳ: ಪ್ರೋಗ್ರಾಮರ್ ಹೇಳಿದ ಕಡೆ. ಎಡದಿಂದ ಇಷ್ಟು, ಮೇಲಿಂದ ಇಷ್ಟು, ಅಗಲ ಇಷ್ಟು, ಎತ್ತರ ಇಷ್ಟು. ನಾಲ್ಕು ಸಂಖ್ಯೆ ಬರೆದ್ರೆ ಮುಗೀತು.

ಮ್ಯಾಕ್‌ನವರು ಒಂದು ಜಾಣತನ ಮಾಡಿದ್ರು. ಆ ಸಂಖ್ಯೆಗಳನ್ನೂ ಪದಗಳನ್ನೂ ಪ್ರೋಗ್ರಾಮಿನ ಸಂಕೇತದಿಂದ ಬೇರೆ ಮಾಡಿ ರಿಸೋರ್ಸ್ ಅಂತ ಇಟ್ರು. ಅನುವಾದಕರು ಪ್ರೋಗ್ರಾಮ್ ಮುಟ್ಟದೇ ಪದ ಬದಲಾಯಿಸಬಹುದು, ಪೆಟ್ಟಿಗೆ ಎಳೆದು ಹಿಗ್ಗಿಸಬಹುದು. ಒಳ್ಳೇದೇ, ಆದ್ರೆ ಪ್ರತಿ ಭಾಷೆಗೂ ಕೈಯಲ್ಲೇ ಎಳೀಬೇಕು.

ವಿಂಡೋಸ್‌ನವರು ಸಂವಾದ ಪೆಟ್ಟಿಗೆಗಳಿಗೆ ಚುಕ್ಕಿ ಬಿಟ್ಟು ಡೈಲಾಗ್ ಯೂನಿಟ್ ಅನ್ನೋ ಅಳತೆ ತಂದ್ರು. ಅಡ್ಡಕ್ಕೆ ಒಂದು ಯೂನಿಟ್ ಅಂದ್ರೆ ಫಾಂಟಿನ ಸರಾಸರಿ ಅಕ್ಷರದ ಅಗಲದ ನಾಲ್ಕನೇ ಒಂದು ಭಾಗ, ಉದ್ದಕ್ಕೆ ಅಂದ್ರೆ ಎತ್ತರದ ಎಂಟನೇ ಒಂದು ಭಾಗ. ಫಾಂಟ್ ದೊಡ್ಡದಾದ್ರೆ ಪೆಟ್ಟಿಗೆಯೂ ದೊಡ್ಡದಾಗುತ್ತೆ. ಅಂದವಾದ ಆಲೋಚನೆ. ಆದ್ರೆ ಆ ಸರಾಸರಿ ತೆಗೆಯೋದು ಹೇಗೆ ಗೊತ್ತಾ? ಇಂಗ್ಲಿಷಿನ 26 ದೊಡ್ಡಕ್ಷರ, 26 ಸಣ್ಣಕ್ಷರ ಸಾಲಾಗಿ ಬರೆದು, ಉದ್ದ ಅಳೆದು, 52ರಿಂದ ಭಾಗಿಸೋದು. ಕನ್ನಡ ಪದ ಕೂರೋ ಬಟನ್ನಿನ ಅಗಲವನ್ನೂ ಆ 52 ರೋಮನ್ ಅಕ್ಷರಗಳೇ ಅಳೀತಿದ್ವು. ಬಟ್ಟೆ ಹೊಲಿಸೋಕೆ ಹೋದವನ ಅಳತೆ ಬಿಟ್ಟು ಪಕ್ಕದ ಮನೆಯವನ ಅಳತೆ ತಗೊಂಡ ಹಾಗೆ.

1991ರಲ್ಲಿ ವಿಷುವಲ್ ಬೇಸಿಕ್ ಬಂತು. ಅದರಲ್ಲಿ ಇಂಚಿಗೆ 1440 ಟ್ವಿಪ್ ಅನ್ನೋ ಅಳತೆ. ಮೌಸಿಂದ ಬಟನ್ ಎಳೆದು ಫಾರ್ಮ್ ಮೇಲೆ ಬಿಟ್ರೆ ಆ ಜಾಗ ಖಾಯಂ. ನಮ್ಮ ದೇಶದ ಎಷ್ಟೋ ಕಚೇರಿ, ಅಂಗಡಿ, ಸೊಸೈಟಿಗಳ ತಂತ್ರಾಂಶ ಹುಟ್ಟಿದ್ದು ಹೀಗೆ. ಇಂಗ್ಲಿಷಲ್ಲಿ ಕಟ್ಟಿ ಆಮೇಲೆ ಕನ್ನಡ ಹಾಕೋಕೆ ಹೋದ್ರೆ ಜಾಗ ಸಾಲ್ತಿರ್ಲಿಲ್ಲ. ಹೊಣೆ ಯಾರ ಮೇಲೆ ಬೀಳ್ತಿತ್ತು? ಅನುವಾದಕರ ಮೇಲೆ. ಚಿಕ್ಕ ಪದ ಹುಡುಕಿ ಅಂತ.

ಚಿಕ್ಕ ಪದ ಹುಡುಕೋದು ಎಷ್ಟು ಕಷ್ಟ ಅನ್ನೋದಕ್ಕೆ ಐಬಿಎಂನ ಹಳೇ ಮಾರ್ಗಸೂಚಿಯೊಂದಿದೆ. 10 ಅಕ್ಷರದೊಳಗಿನ ಇಂಗ್ಲಿಷ್ ಪದ ಬೇರೆ ಭಾಷೆಗೆ ಹೋದಾಗ ಮೂಲದ ಎರಡರಿಂದ ಮೂರು ಪಟ್ಟು ಜಾಗ ಬೇಡಬಹುದು, 70 ಅಕ್ಷರ ದಾಟಿದ ವಾಕ್ಯಕ್ಕೆ 1.3 ಪಟ್ಟು ಸಾಕು ಅನ್ನುತ್ತೆ ಅದು. ಅಂದ್ರೆ ಚಿಕ್ಕ ಪದವೇ ಹೆಚ್ಚು ಊದಿಕೊಳ್ಳೋದು. ಬಟನ್ ಮೇಲೆ ಇರೋದು ಚಿಕ್ಕ ಪದವೇ. ನಮ್ಮಲ್ಲಿ ಓಕೆಗೆ "ಸರಿ" ಸಿಕ್ಕಿತು, ಬಚಾವಾದ್ವಿ. ಕ್ಯಾನ್ಸಲ್‌ಗೆ "ರದ್ದುಗೊಳಿಸಿ" ಅಂತ ಬರೆದ ಕೂಡ್ಲೇ ಬಟನ್ ತುಂಬಿಹೋಗುತ್ತೆ.

ಹೂಂ, ಉಹೂಂ, ಇಷ್ಟಾದ್ರೆ ಆಗುತ್ತೆ

ಇದೇ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೇರೆ ದಾರಿ ತೆರೀತಿತ್ತು. ಎಂಐಟಿಯಲ್ಲಿ 1983ರಲ್ಲಿ ಪ್ರಾಜೆಕ್ಟ್ ಅಥೀನಾ ಶುರುವಾಗಿತ್ತು. ವಿದ್ಯಾರ್ಥಿಗಳಿಗೆಲ್ಲ ಜಾಲಕ್ಕೆ ಸೇರಿದ ಕಂಪ್ಯೂಟರ್ ಕೊಡೋ ಯೋಜನೆ. ಎಕ್ಸ್ ವಿಂಡೋ ಬೆಳೆದಿದ್ದು ಅಲ್ಲೇ. ಅಲ್ಲಿ ಬೇರೆ ಬೇರೆ ಕಂಪನಿಗಳ ಬೇರೆ ಬೇರೆ ಪರದೆಗಳು. ಹಾಗಾಗಿ ಖಾಯಂ ಸಂಖ್ಯೆ ಬರೆಯೋದು ನಡೀತಿರ್ಲಿಲ್ಲ. ಅವರ ಎಕ್ಸ್ ಟೂಲ್‌ಕಿಟ್‌ನಲ್ಲಿ ಒಂದು ಸೊಗಸಾದ ಏರ್ಪಾಡಿತ್ತು. ವಿಜೆಟ್‌ಗಳದು ಒಂದು ಮನೆತನ. ಒಳಗಿರೋದು ಮಗು, ಹೊರಗಿನ ಪೆಟ್ಟಿಗೆ ತಾಯಿ. ಮಗುವಿಗೆ ಜಾಗ ಸಾಲದಿದ್ರೆ ತಾಯಿಯನ್ನ ಕೇಳಬೇಕು. ತಾಯಿ ಕೊಡೋ ಉತ್ತರ ಮುಖ್ಯವಾಗಿ ಮೂರು. ಹೂಂ, ತಗೋ. ಉಹೂಂ, ಆಗಲ್ಲ. ಮೂರನೇದು: ನೀನು ಕೇಳಿದಷ್ಟು ಆಗಲ್ಲ, ಇಷ್ಟಾದ್ರೆ ಆಗುತ್ತೆ, ನೋಡು. ನಮ್ಮ ಮನೆಗಳಲ್ಲಿ ಕಾಸು ಕೇಳಿದಾಗ ನಡೆಯೋದೂ ಇದೇ ತಾನೆ.

ಲೇಔಟ್ ಇತಿಹಾಸದ ತಿರುವು ಇದೇ ಅಂತ ನನಗನಿಸುತ್ತೆ. ಅಳತೆ ಅನ್ನೋದು ಆಜ್ಞೆ ಆಗಿದ್ದದ್ದು ಮಾತುಕತೆ ಆಯ್ತು.

ಸ್ಟ್ಯಾನ್‌ಫೋರ್ಡ್‌ನಲ್ಲಿ ಮಾರ್ಕ್ ಲಿಂಟನ್ ಅವರ ತಂಡ ಇಂಟರ್‌ವ್ಯೂಸ್ ಅನ್ನೋ ವ್ಯವಸ್ಥೆ ಕಟ್ಟಿತು. ಅವರು ಎರವಲು ತಂದದ್ದು ಅಚ್ಚಿನ ಲೋಕದಿಂದ. ಡೊನಾಲ್ಡ್ ಕ್ನೂತ್ ಪುಸ್ತಕ ಅಚ್ಚು ಹಾಕೋಕೆ ಅಂತ 1978ರಲ್ಲಿ ಟೆಕ್ ಮಾಡಿದ್ರಲ್ಲ, ಅದರಲ್ಲಿ ಪದಗಳು ಪೆಟ್ಟಿಗೆ, ನಡುವಿನ ಜಾಗ ಅಂಟು. ಆ ಅಂಟಿಗೆ ಒಂದು ಸಹಜ ಅಳತೆ, ಎಷ್ಟು ಹಿಗ್ಗಬಹುದು, ಎಷ್ಟು ಕುಗ್ಗಬಹುದು ಅಂತ ಎರಡು ಮಿತಿ. ಮೊಳೆ ಜೋಡಿಸಿ ಅಚ್ಚು ಹಾಕಿದವರನ್ನ ಕೇಳಿ, ಇದು ಅವರಿಗೆ ಹೊಸದಲ್ಲ. ಕೈಯಲ್ಲಿ ಮೊಳೆ ಜೋಡಿಸೋರು ಮೊದಲು ಪದ ಕೂರಿಸ್ತಿದ್ರು, ಆಮೇಲೆ ಉಳಿದ ಜಾಗಕ್ಕೆ ತೆಳು, ದಪ್ಪ ತುಂಡು ತುಂಬಿ ಸಾಲು ಬಿಗಿ ಮಾಡ್ತಿದ್ರು. ಒತ್ತಕ್ಷರಕ್ಕೆ ಬೇಕಾದ ಎತ್ತರ ಮೊಳೆಯ ಮೈಯಲ್ಲೇ ಇರ್ತಿತ್ತು. ಪದ ಮೊದಲು, ಜಾಗ ಆಮೇಲೆ. ಕಂಪ್ಯೂಟರ್ ಬಂದಾಗ ನಾವು ಇದನ್ನ ತಲೆಕೆಳಗು ಮಾಡಿದ್ವಿ ಅಷ್ಟೇ.

ಆಮೇಲಿನದು ಬೇಗ ಹೇಳ್ತೀನಿ. ಬರ್ಕ್ಲಿಯ ಜಾನ್ ಔಸ್ಟರ್‌ಹೌಟ್ 1990ರ ದಶಕದ ಶುರುವಲ್ಲಿ ಟಿಕೆ ಕೊಟ್ರು. ಪೈಥಾನ್ ಕಲಿಯೋ ಹುಡುಗರು ಇವತ್ತೂ ಟಿಕೆ ಇಂಟರ್ ಅಂತ ಬಳಸೋದು, ಪ್ಯಾಕ್ ಅಂತ ಬರೆಯೋದು ಅದನ್ನೇ. ಅದರಲ್ಲಿ ಹೊರ ಪೆಟ್ಟಿಗೆ ತನ್ನ ಮಕ್ಕಳ ಅಳತೆ ನೋಡಿ ತಾನೇ ಹಿಗ್ಗುತ್ತೆ, ಕುಗ್ಗುತ್ತೆ. 1996ರಲ್ಲಿ ಜಾವಾ ತನ್ನ ಲೇಔಟ್ ಮ್ಯಾನೇಜರ್‌ಗಳ ಜೊತೆ ಬಂತು. ಕಾಲೇಜಿನ ಲ್ಯಾಬಲ್ಲಿ ಗ್ರಿಡ್‌ಬ್ಯಾಗ್ ಲೇಔಟ್ ಹಿಡಿದು ತಲೆ ಕೆರ್ಕೊಂಡವರು ಈ ಚಾನೆಲ್ ನೋಡುವವರಲ್ಲಿ ಬಹಳ ಜನ ಇರ್ತೀರಿ. ಕ್ಯೂಟಿಯಲ್ಲಿ ಪ್ರತಿ ವಿಜೆಟ್‌ಗೂ ಸೈಜ್ ಹಿಂಟ್, ಅಂದ್ರೆ ನನಗೆ ಇಷ್ಟು ಬೇಕು ಅಂತ ಹೇಳೋ ಹಕ್ಕು. 1997ರಲ್ಲಿ ಕ್ಯಾಸೊವರಿ ಅನ್ನೋ ಲೆಕ್ಕದ ವಿಧಾನ ಹೊರಬಂತು, ಈ ಬಟನ್ ಆ ಬಟನ್ನಿನಷ್ಟೇ ಅಗಲ ಇರಲಿ ಅನ್ನೋ ತರದ ನಿಯಮಗಳನ್ನ ಸಮೀಕರಣ ಮಾಡಿ ಬಿಡಿಸುತ್ತೆ. ಆ್ಯಪಲ್ ಅದನ್ನ 2011ರಲ್ಲಿ ಮ್ಯಾಕ್‌ಗೆ, 2012ರಲ್ಲಿ ಐಫೋನಿಗೆ ಆಟೋ ಲೇಔಟ್ ಅಂತ ತಂತು. ಹೆಸರು ಬೇರೆ ಬೇರೆ, ತಿರುಳು ಒಂದೇ: ಮೊದಲು ಒಳಗಿರೋರನ್ನ ಕೇಳು.

ಪದವನ್ನೇ ಕೇಳೋದು

ಒಳಗಿರೋದು ಲೇಬಲ್, ಲೇಬಲ್ಲಿನ ಒಳಗಿರೋದು ಪದ. ಹಾಗಾದ್ರೆ ಕೊನೆಗೆ ಉತ್ತರ ಕೊಡಬೇಕಾದದ್ದು ಪದವೇ. ಕನ್ನಡ ಪದದ ನಿಜವಾದ ಅಳತೆ ಗೊತ್ತಾಗೋದು ಒತ್ತಕ್ಷರ, ಗುಣಿತ ಎಲ್ಲ ಕೂಡಿಸಿ ರೂಪ ಕೊಟ್ಟ ಮೇಲೆ. ಆರು ಸಂಕೇತದ "ಸ್ತ್ರೀ" ಒಂದು ಆಕಾರ ಆದ ಮೇಲೇ ಅದರ ಅಗಲ ಹೇಳೋಕಾಗೋದು.

ಈ ಕೆಲಸ 2000ದ ಆಸುಪಾಸಲ್ಲಿ ಒಂದು ಹದಕ್ಕೆ ಬಂತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನ ಜೊತೆ ಕನ್ನಡ ತಂತು. ಲಿನಕ್ಸ್ ಕಡೆ 2002ರ ಮಾರ್ಚ್‌ನಲ್ಲಿ ಜಿಟಿಕೆ 2.0 ಬಂತು, ಅದರ ಜೊತೆ ಪ್ಯಾಂಗೊ. ಪ್ಯಾಂಗೊ ಅಂದ್ರೆ ಎಲ್ಲ ಭಾಷೆ ಅನ್ನೋ ಅರ್ಥ, ಗ್ರೀಕ್ ತುಂಡೊಂದು, ಜಪಾನಿ ತುಂಡೊಂದು ಸೇರಿಸಿ ಕಟ್ಟಿದ ಹೆಸರು. ಒಂದು ಪದ ಕೊಟ್ರೆ ಪ್ಯಾಂಗೊ ಎರಡು ಚೌಕ ಹೇಳುತ್ತೆ. ಒಂದು ಶಾಯಿಯ ಚೌಕ, ಅಕ್ಷರದ ಗೆರೆ ನಿಜವಾಗಿ ಎಲ್ಲಿವರೆಗೆ ಹೋಗಿದೆ ಅಂತ. ಇನ್ನೊಂದು ಲೆಕ್ಕದ ಚೌಕ, ಸಾಲಲ್ಲಿ ಅದಕ್ಕೆ ಎಷ್ಟು ಜಾಗ ಬಿಡಬೇಕು ಅಂತ. ಕನ್ನಡದಲ್ಲಿ ತೊಂದರೆ ಬರೋದು ಈ ಎರಡರ ನಡುವೆ. ಲೆಕ್ಕದ ಚೌಕ ಚಿಕ್ಕದು, ಶಾಯಿ ದೊಡ್ಡದು ಆದಾಗ ಒತ್ತು ಹೊರಗೆ ಚಾಚುತ್ತೆ. ಹೊರಗೆ ಚಾಚಿದ್ದನ್ನ ಪರದೆ ಕತ್ತರಿಸುತ್ತೆ.

ಇಲ್ಲೂ ಪುಣೆ ಬರುತ್ತೆ ನೋಡಿ. ರೆಡ್ ಹ್ಯಾಟ್ ಕಂಪನಿಯ ಭಾಷಾ ತಂಡ ಇದ್ದದ್ದು ಪುಣೆಯಲ್ಲಿ. ಭಾರತೀಯ ಭಾಷೆಗಳಿಗೆ ಮುಕ್ತವಾಗಿ ಸಿಗೋ ಲೋಹಿತ್ ಫಾಂಟುಗಳ ಮೇಲೆ ಅಲ್ಲಿ ವರ್ಷಗಟ್ಟಲೆ ಕೆಲಸ ನಡೀತು, ಆ ಬಳಗದಲ್ಲಿ ಲೋಹಿತ್ ಕನ್ನಡವೂ ಇದೆ. ಫೆಡೋರಾ, ಗ್ನೋಮ್ ಪರದೆಗಳು ಕನ್ನಡದಲ್ಲಿ ಕಂಡದ್ದು ಅಂಥ ಕೆಲಸದಿಂದ, ಮತ್ತೆ ಹೆಸರು ಬಯಸದ ಎಷ್ಟೋ ಕನ್ನಡ ಸ್ವಯಂಸೇವಕರಿಂದ. ಅವರು ಬರೆದ "ರದ್ದುಗೊಳಿಸಿ" ಬಟನ್ನಿನಲ್ಲಿ ಪೂರ್ತಿ ಕೂತಿತ್ತು, ಯಾಕಂದ್ರೆ ಆ ಬಟನ್ನಿಗೆ ಯಾರೂ ಮುಂಚೆಯೇ ಅಗಲ ಕಟ್ಟಿರ್ಲಿಲ್ಲ.

ಇನ್ನೊಂದು ತೊಡಕಿತ್ತು. ಜಾಗ ಸಾಲದಿದ್ರೆ ಪದವನ್ನ ಮುರಿದು ಕೆಳಗಿನ ಸಾಲಿಗೆ ತಗೊಂಡುಹೋಗಬಹುದಲ್ಲ ಅಂತ ಕೇಳಬಹುದು. ಇಂಗ್ಲಿಷಲ್ಲಿ ನಾಲ್ಕೈದು ಚಿಕ್ಕ ಪದಗಳಲ್ಲಿ ಹೇಳೋದನ್ನ ನಾವು "ರದ್ದುಗೊಳಿಸಲಾಗುವುದಿಲ್ಲ" ಅಂತ ಒಂದೇ ಪದದಲ್ಲಿ ಹೇಳ್ತೀವಿ. ನಡುವೆ ಖಾಲಿ ಜಾಗ ಇಲ್ಲ, ಮುರಿಯೋದು ಎಲ್ಲಿ? ಹಾಗಾಗಿ ಲೇಬಲ್ಲಿನ ಕನಿಷ್ಠ ಅಗಲ ಅಂದ್ರೆ ಅದರ ಅತಿ ಉದ್ದದ ಪದದ ಅಗಲ. ಸಾಲು ಹೆಚ್ಚಾದಷ್ಟೂ ಎತ್ತರ ಹೆಚ್ಚು. 2011ರ ಜಿಟಿಕೆ 3 ಈ ಲೆಕ್ಕವನ್ನ ಒಪ್ಪಿತು. ವಿಜೆಟ್‌ನ ಕೇಳೋ ಪ್ರಶ್ನೆಯೇ ಬದಲಾಯ್ತು: ಇಷ್ಟು ಅಗಲ ಕೊಟ್ರೆ ನಿನಗೆಷ್ಟು ಎತ್ತರ ಬೇಕು?

ಹತ್ತು ವರ್ಷ ತಲೆ ತಗ್ಗಿಸಿದ ಅಕ್ಷರ

ಅಗಲದ ಜಗಳ ಹೀಗೆ ಮುಗೀತಾ ಬಂತು. ಎತ್ತರದ್ದು ಮಾತ್ರ ಉಳಿದಿತ್ತು. ಅದು ನಡೆದಿದ್ದು ನಮ್ಮೆಲ್ಲರ ಜೇಬಲ್ಲಿ.

2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಬಂತು. ಆದ್ರೆ ಅಷ್ಟರಲ್ಲಿ ಲಕ್ಷಾಂತರ ಆ್ಯಪ್‌ಗಳು ಇಂಗ್ಲಿಷ್ ಸಾಲಿನ ಎತ್ತರಕ್ಕೆ ಕಟ್ಟಿ ಆಗಿತ್ತು. ಅವುಗಳ ಒಳಗೆ ಕನ್ನಡ ಬಂದ್ರೆ ಒಂದೋ ಲೇಔಟ್ ಕೆಡಬೇಕು, ಇಲ್ಲ ಒತ್ತು ಕತ್ತರಿಸಬೇಕು. ಗೂಗಲ್ ಮೂರನೇ ದಾರಿ ಹಿಡೀತು. ಕನ್ನಡಕ್ಕೆ ಎರಡು ಫಾಂಟ್ ಇಟ್ಟಿತು: ನೋಟೊ ಸ್ಯಾನ್ಸ್ ಕನ್ನಡ, ಮತ್ತೊಂದು ನೋಟೊ ಸ್ಯಾನ್ಸ್ ಕನ್ನಡ ಯುಐ. ಎರಡನೇದು ಲ್ಯಾಟಿನ್ ಸಾಲಿನ ಎತ್ತರದೊಳಗೆ ಹಿಡಿಸೋಕೆ ಅಂತ ಅಡಕ ಮಾಡಿದ ರೂಪ. ಯಾರೂ ಏನೂ ಹೇಳದಿದ್ರೆ ಫೋನ್ ತೋರಿಸ್ತಿದ್ದದ್ದು ಈ ಅಡಕ ಮಾಡಿದ್ದನ್ನೇ.

2014ರ ಆಂಡ್ರಾಯ್ಡ್ 5.0ರಲ್ಲಿ ಎಲಿಗಂಟ್ ಟೆಕ್ಸ್ಟ್ ಹೈಟ್ ಅನ್ನೋ ಒಂದು ಸ್ವಿಚ್ ಕೊಟ್ರು. ಅದನ್ನ ಹಾಕಿದ್ರೆ ಪೂರ್ತಿ ಎತ್ತರದ ಕನ್ನಡ, ಜೊತೆಗೆ ಮೇಲೆ ಕೆಳಗೆ ಹೆಚ್ಚಿನ ಜಾಗ. ಆದ್ರೆ ಸ್ವಿಚ್ ಆಫ್ ಆಗೇ ಬರ್ತಿತ್ತು. ಕನ್ನಡ ಓದೋಕೆ ಬಾರದ ಪ್ರೋಗ್ರಾಮರ್ ಅದನ್ನ ಯಾಕೆ ಹಾಕ್ತಾನೆ? ಹಾಗಾಗಿ ಹತ್ತು ವರ್ಷ ನಮ್ಮ ಲಿಪಿ ತನ್ನದಲ್ಲದ ಪೆಟ್ಟಿಗೆಯಲ್ಲಿ ಮೊಣಕಾಲು ಮಡಚಿ ಕೂತಿತ್ತು.

ಗೂಗಲ್‌ನವರಿಗೆ ದ್ವೇಷವೇನೂ ಇರ್ಲಿಲ್ಲ. ಕತ್ತರಿಸೋದಕ್ಕಿಂತ ಕುಗ್ಗಿಸೋದು ಮೇಲು ಅನ್ನೋದು ಅವತ್ತಿಗೆ ನ್ಯಾಯವಾದ ಲೆಕ್ಕವೇ. ಆದ್ರೆ ಅದರ ಬೆಲೆ ಕೊಟ್ಟವರು ಯಾರು ಅಂತ ನೋಡಿ. ಚಾಳೀಸು ಹಾಕ್ಕೊಂಡು ಫೋನಿನಲ್ಲಿ ಬಾಕಿ ಎಷ್ಟು ಅಂತ ಓದೋ ಅಜ್ಜ, ಆಗತಾನೇ ಒತ್ತಕ್ಷರ ಕಲೀತಿರೋ ಮಗು. ಪೆಟ್ಟಿಗೆ ಕಟ್ಟಿದವನಿಗೆ ಏನೂ ತಟ್ಟಲಿಲ್ಲ.

2024ರ ಆಂಡ್ರಾಯ್ಡ್ 15ರಲ್ಲಿ ಆ ಸ್ವಿಚ್ ತಿರುಗಿತು. ಆ ಆವೃತ್ತಿಗೆ ಅಂತ ಕಟ್ಟಿದ ಆ್ಯಪ್‌ಗಳಲ್ಲಿ ಪೂರ್ತಿ ಎತ್ತರದ ಅಕ್ಷರವೇ ಮೊದಲ ಆಯ್ಕೆ. 2025ರ ಆಂಡ್ರಾಯ್ಡ್ 16ರಲ್ಲಿ ಇನ್ನೊಂದು ಹೆಜ್ಜೆ: ಅದಕ್ಕೆ ಅಂತ ಕಟ್ಟಿದ ಆ್ಯಪ್‌ಗಳಲ್ಲಿ ಆಫ್ ಮಾಡಿದ್ರೂ ಫೋನ್ ಕೇಳಲ್ಲ, ಅಡಕ ಮಾಡಿದ ಫಾಂಟುಗಳೇ ಹೋಗ್ತವೆ, ನಿಮ್ಮ ಲೇಔಟ್ ನೀವು ಸರಿ ಮಾಡ್ಕೊಳ್ಳಿ ಅಂತ ಪ್ರೋಗ್ರಾಮರ್‌ಗಳಿಗೆ ಹೇಳಿಬಿಟ್ರು. ಆ ಪಟ್ಟಿಯಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಮಲಯಾಳಂ, ಗುಜರಾತಿ, ಒಡಿಯಾ, ಅರೇಬಿಕ್, ಲಾವೊ, ಬರ್ಮೀಸ್, ಥಾಯ್ ಇವೆ. ಸರಿ ಮಾಡ್ಕೊಳ್ಳೋ ಸರದಿ ಮೊದಲ ಸಲ ಪೆಟ್ಟಿಗೆಯದ್ದಾಯ್ತು.

ಹಾಗಾದ್ರೆ ನಾವೇನು ಮಾಡೋದು

ಆಜ್ಞೆ ಹೋಗಿ ಮಾತುಕತೆ ಬಂದ ಮೇಲೂ ಹಳೇ ಅಭ್ಯಾಸ ಪೂರ್ತಿ ಹೋಗಿಲ್ಲ. ಇವತ್ತೂ ಬಟನ್ನಿಗೆ 48 ಅಂತ ಖಾಯಂ ಎತ್ತರ ಬರೆಯೋರು ಇದ್ದಾರೆ. ಈ ವಿಡಿಯೋ ನೋಡೋ ಪ್ರೋಗ್ರಾಮರ್‌ಗಳಿಗೆ ನಾನು ಹೇಳೋದು ಇಷ್ಟು. ಆ ಸಂಖ್ಯೆಯನ್ನ ಕನಿಷ್ಠ ಅಂತ ಬರೀರಿ, ಖಾಯಂ ಅಂತ ಬರೀಬೇಡಿ. ಅಕ್ಷರ ಎಣಿಸಿ ಅಗಲ ಊಹಿಸಬೇಡಿ. ಪರೀಕ್ಷೆ ಮಾಡೋವಾಗ ಮೂರು ಪದ ಹಾಕಿ ನೋಡಿ: ಆಳಕ್ಕೆ "ರಾಷ್ಟ್ರ", ಉದ್ದಕ್ಕೆ "ರದ್ದುಗೊಳಿಸಲಾಗುವುದಿಲ್ಲ", ಎರಡು ಒತ್ತು ಅಕ್ಕಪಕ್ಕ ಬರೋಕೆ "ಇಲ್ಲಿ ಒತ್ತಿ". ಮೂರೂ ಕತ್ತರಿಸದೇ ಕೂತ್ರೆ ನಿಮ್ಮ ಪರದೆ ಹೆಚ್ಚಿನ ಭಾಷೆಗಳಿಗೆ ತಯಾರು.

ಪ್ರೋಗ್ರಾಮರ್ ಅಲ್ಲದವರಿಗೂ ಒಂದು ಮಾತು. ಆ್ಯಪಿನಲ್ಲಿ ಕನ್ನಡದ ಕಾಲು ಕತ್ತರಿಸಿದ್ದು ಕಂಡ್ರೆ ಕನ್ನಡ ಅಂದ್ರೆ ಹೀಗೇ, ನಮ್ಮ ಲಿಪಿಯೇ ಕಷ್ಟ ಅಂತ ಸುಮ್ಮನಾಗಬೇಡಿ. ಸ್ಕ್ರೀನ್‌ಶಾಟ್ ತೆಗೆದು ಆ ಆ್ಯಪಿನವರಿಗೆ ಕಳಿಸಿ. ನಮ್ಮ ಲಿಪಿಯಲ್ಲಿ ದೋಷ ಇಲ್ಲ. ಅಳತೆ ತಗೊಳ್ಳುವಾಗ ನಮ್ಮನ್ನ ಕೇಳಿರಲಿಲ್ಲ, ಅಷ್ಟೇ.